ಫರ್ಸಿಗೆ ಶುರು ಯಾವ ಕಡೆ?

ನೆಲ ಮುಟ್ಟಿ ಹೇಳುತ್ತೇನೆ, ಐವತ್ತು ವರ್ಷ ನನಗೆ ಸಿಟ್ಟು ಮಾಡುವುದೊಂದು ಚೆನ್ನಾಗಿ ಬರುತ್ತಿತ್ತು, ಹೆಮ್ಮೆ ಪಡುವುದು ಬರುತ್ತಿರಲಿಲ್ಲ. ಸಿಟ್ಟು ನಮ್ಮಪ್ಪ ಬಿಟ್ಟುಹೋದ ಆಸ್ತಿ. ಹೆಮ್ಮೆ ಮಾತ್ರ ಚಿತ್ತಾಪುರದ ಹಳೇ ಕಚೇರಿಯ ನೆಲ ಕೊಟ್ಟದ್ದು. ಆ ನೆಲದ ಕತೆ ಹೇಳಬೇಕೆಂದರೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕಾಗುತ್ತದೆ. ಹೇಳುತ್ತೇನೆ. ಈ ವಯಸ್ಸಿಗೆ ಇನ್ನೆಂಥ ನಾಚಿಕೆ.

ನಾನು ಹುಟ್ಟಿ ಬೆಳೆದದ್ದು ಶಹಾಬಾದಿನಲ್ಲಿ. ಅಪ್ಪ ಕಲ್ಲಿನ ಖಣಿಯಲ್ಲಿ ಫರ್ಸಿ ಎಬ್ಬಿಸುತ್ತಿದ್ದ. ಫರ್ಸಿ ಅಂದರೆ ನಮ್ಮ ಭಾಗದ ಹಾಸುಗಲ್ಲು. ಬುಟ್ಟಿಯಲ್ಲಿ ರೊಟ್ಟಿ ಒಟ್ಟಿದ ಹಾಗೆ ಭೂಮಿಯೊಳಗೆ ಪದರ ಪದರವಾಗಿ ಕೂತಿರುತ್ತದೆ. ಚಾಣ ಇಟ್ಟು ಸರಿಯಾದ ಜಾಗಕ್ಕೆ ಪೆಟ್ಟು ಕೊಟ್ಟರೆ ಒಂದೊಂದೇ ಪದರ ಏಳುತ್ತದೆ, ತಪ್ಪು ಜಾಗಕ್ಕೆ ಕೊಟ್ಟರೆ ಚೂರಾಗುತ್ತದೆ. ಅಪ್ಪ ಯಾವ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದರೂ ಮೊದಲು ಕೆಳಗೆ ನೋಡುತ್ತಿದ್ದ. "ನಮ್ಮದ ಅದ ನೋಡು" ಅಂದು ಪ್ಲಾಟ್‌ಫಾರಂ ಮೇಲೆ ಕಾಲು ಕುಟ್ಟುತ್ತಿದ್ದ.

ನಾನು ಐಟಿಐನಲ್ಲಿ ಕಟ್ಟಡದ ನಕ್ಷೆ ಬರೆಯುವುದನ್ನು ಕಲಿತೆ. ಮದುವೆಯಾಗಿ ವಾಡಿಗೆ ಬಂದೆ. ಇಪ್ಪತ್ತೈದು ವರ್ಷ ಸೇಡಂನಿಂದ ಚಿಂಚೋಳಿಯವರೆಗೆ ಮಂದಿಯ ಮನೆಗಳ ನಕ್ಷೆ ಬರೆದುಕೊಟ್ಟೆ. ಎಲ್ಲರದೂ ಒಂದೇ ಮಾತು: "ಮೇಡಂ, ಹಾಲಿಗಿ ಮಿಂಚೋ ಟೈಲ್ಸ್ ಇರ್ಲಿ. ಫರ್ಸಿ ಹಿಂದ ಬಚ್ಚಲಕ್ಕ ಹಾಕಿದ್ರ ಸಾಕು." ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ಊರಿನ ಕಲ್ಲು ಊರಿನವರ ಬಚ್ಚಲಿಗೆ. ಕೇಳಿದಾಗಲೆಲ್ಲ ಸಿಟ್ಟು ಬರುತ್ತಿತ್ತು, ಆದರೂ ಗೆರೆ ಎಳೆದು ಕೊಡುತ್ತಿದ್ದೆ.

ಹೀಗಿರುವಾಗ ಚಿತ್ತಾಪುರದ ಹಳೇ ಕಚೇರಿಯನ್ನು ವಸ್ತುಸಂಗ್ರಹಾಲಯ ಮಾಡುತ್ತಾರೆಂಬ ಸುದ್ದಿ ಬಂತು. ಅದು ನಿಜಾಮರ ಕಾಲದ ಕಟ್ಟಡ. ಆನೆ ಒರಗಿದರೂ ಅಲುಗದ ಗೋಡೆಗಳು, ಸಾಲು ಕಮಾನುಗಳು, ನಡುವೆ ಒಂದು ದೊಡ್ಡ ಹಾಲು. ಹಾಲಿನ ಬಲಗಡೆ ಕಬ್ಬಿಣದ ಸರಳಿನ ಕಿಟಕಿ. ಒಂದು ಕಾಲದಲ್ಲಿ ಜನ ಅಲ್ಲಿ ನಿಂತು ಒಳಗಿನ ಗುಮಾಸ್ತನಿಗೆ ಅರ್ಜಿ ಕೊಡುತ್ತಿದ್ದರು. ಆಮೇಲೆ ಹಳೇ ಕಡತಗಳನ್ನು ತುಂಬಿಟ್ಟರು, ಆಮೇಲೆ ಬೀಗ ಹಾಕಿದರು, ಆಮೇಲೆ ಪಾರಿವಾಳಗಳು ಬಂದವು. ಈಗ ಅದನ್ನು ರಿಪೇರಿ ಮಾಡಿ ನಮ್ಮ ಭಾಗದ ವಸ್ತುಗಳನ್ನು ಇಡುವುದೆಂದಾಯಿತು. ಸೇಡಂ ಕಡೆಯ ಹೊಲಗಳ ಬದುವಿನಲ್ಲಿ ಬಿದ್ದಿದ್ದ ವೀರಗಲ್ಲುಗಳು, ವಾಡಿಯ ರೈಲ್ವೆಯವರ ಹಳೇ ಕಂದೀಲು, ಕುಂಚಾವರಂ ಕಾಡಿನ ತಾಂಡಾಗಳ ಕಸೂತಿ ಲಂಗ, ತೊಗರಿ ಒಡೆಯುವ ಬೀಸುವ ಕಲ್ಲು, ಶಹಾಬಾದಿನ ಖಣಿಯ ಸುತ್ತಿಗೆ, ಚಾಣ. ಜನ ಕೇಳುವ ಮೊದಲೇ ತಂದು ಕೊಡಲು ಶುರು ಮಾಡಿದ್ದರು. ಕಾಮಗಾರಿ ನೋಡಿಕೊಳ್ಳಲು ನಕ್ಷೆ ಬಲ್ಲವರು ಬೇಕಾಗಿತ್ತು. ನನ್ನನ್ನು ಕರೆದರು. ಹೋದೆ.

ಮೊದಲ ದಿನ ಕಲಬುರಗಿಯಿಂದ ದೊಡ್ಡ ಸಾಹೇಬರು ಬಂದಿದ್ದರು. ಇಡೀ ಕೆಲಸ ಅವರ ಕೈಕೆಳಗೆ. ಕೆಟ್ಟವರೇನಲ್ಲ, ಮಾತಿಗೆ ನಿಲ್ಲುವವರು, ಆದರೆ ಅವಸರದವರು. ಹಾಲಿನ ನೆಲದ ಮೇಲೆ ಅರ್ಧ ಗೇಣು ಧೂಳು, ಪಾರಿವಾಳದ ಹಿಕ್ಕೆ, ಅರ್ಧ ನೆಲ ಮುಚ್ಚುವಷ್ಟು ಹಳೇ ಕಪಾಟುಗಳು. ಕಪಾಟುಗಳ ಹಿಂದೆ ಅರಳಿ ಮರದ ಬೇರು ಒಳಗೆ ಹೊಕ್ಕು ಕಲ್ಲುಗಳನ್ನು ಎತ್ತಿ ಕುಳಿತಿತ್ತು. ಸಾಹೇಬರು ಬೂಟಿನ ತುದಿಯಿಂದ ಧೂಳು ಸರಿಸಿ ನೋಡಿ ಅಂದರು: "ಈ ನೆಲ ಕಿತ್ತು ಒಗೀರಿ ಮೇಡಂ. ಟೈಲ್ಸ್ ಹಾಕಿಬಿಡಮು. ವಾರದಾಗ ಮುಗೀತದ."

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರಂತೆ. ನಾನು ಬಾಯಿ ಬಿಟ್ಟೆ.

"ಸಾಹೇಬ್ರ, ಶಹಾಬಾದಿಗಿ ಇಷ್ಟು ಹತ್ತಿರ ನಿಂತು ಟೈಲ್ಸ್ ಹಾಕಿದ್ರ ಬಂದ ಮಂದಿ ನಗ್ತಾರ. ಇದ್ದದ್ದು ಇದ್ದಂಗ ಎಬ್ಬಿಸಿ, ಬೇರು ತೆಗದು, ತಳ ಗಟ್ಟಿ ಮಾಡಿ, ಒಂದೊಂದು ಕಲ್ಲು ಅದರದರ ಜಾಗಾದಾಗ ಹೊಳ್ಳಿ ಕೂಡಸ್ತೀನಿ."

"ಆಗದ ಮಾತು."

"ಆಗ್ಲಿಲ್ಲಂದ್ರ ನಿಮ್ಮ ಟೈಲ್ಸ್ ನಾನೇ ನಿಂತು ಹಾಕಸ್ತೀನಿ."

ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎಳ್ಳಮಾಸಿ ತನಕ ಟೈಮ್. ನೆಲ ಸರಿ ಕೂಡಲಿಲ್ಲ ಅಂದ್ರ ಮರುದಿನ ಟೈಲ್ಸಿನ ಲಾರಿ ಬರ್ತದ. ಆಮ್ಯಾಲ ಮಾತಿಲ್ಲ." ಎಳ್ಳಮಾಸಿ ಅಂದರೆ ಚಳಿಗಾಲದ ಎಳ್ಳು ಅಮಾವಾಸ್ಯೆ. ನಾನು ಹೂಂ ಅಂದೆ. ಮನೆಗೆ ಬಂದು ಗಂಡನಿಗೆ ಹೇಳಿದರೆ ಅವರು ಹಣೆ ಬಡಿದುಕೊಂಡರು.

ಫರ್ಸಿ ಕೆಲಸಕ್ಕೆ ಶಹಾಬಾದಿನ ಉಸ್ತಾದರನ್ನು ಕರೆತಂದೆ. ಎಪ್ಪತ್ತು ದಾಟಿದ ಗೌಂಡಿ. ನಾಲ್ಕನೇ ಇಯತ್ತೆಯವರೆಗೆ ಉರ್ದು ಸಾಲಿಯಲ್ಲಿ ಓದಿ ಆಮೇಲೆ ಇಡೀ ಆಯುಷ್ಯ ಕಲ್ಲಿನೊಂದಿಗೆ ಕಳೆದವರು. ಅಂಗೈಯಿಂದ ಕಲ್ಲನ್ನು ತಟ್ಟಿ, ಸದ್ದು ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಿದ್ದರು. ಎಲ್ಲರಿಗೂ ಅವರು ಉಸ್ತಾದ್, ನನಗೆ ಚಾಚಾ. ಅವರು ಸಮಾಧಾನದಲ್ಲಿದ್ದರೆ ನನ್ನನ್ನು ಬೇಟಿ ಅನ್ನುತ್ತಿದ್ದರು, ಸಿಟ್ಟು ಬಂದರೆ ಮೇಡಂ. ಸುಣ್ಣ ಅರೆಯಲಿಕ್ಕೆ, ಕಲ್ಲು ಸಾಗಿಸಲಿಕ್ಕೆ ಚಿಂಚೋಳಿ ಕಡೆಯಿಂದ ಹನ್ನೆರಡು ಹೆಣ್ಣುಮಕ್ಕಳು ಬಂದರು. ಅವರಿಗೆಲ್ಲ ಹಿರಿಯಳಾದವಳನ್ನು ನಾವು ಮೇಸ್ತ್ರಿ ಅಕ್ಕ ಅನ್ನುತ್ತಿದ್ದೆವು. ಕುಂಚಾವರಂ ಸೀಮೆಯವಳು, ಅರ್ಧ ಮಾತು ಕನ್ನಡ, ಅರ್ಧ ತೆಲುಗು, ಸಿಟ್ಟು ಬಂದರೆ ಪೂರ್ತಿ ತೆಲುಗು.

ಕಪಾಟು ಹೊರಗೆ ಹಾಕಿ, ನೆಲ ಗುಡಿಸಿ ತೊಳೆದ ದಿನ ನಾನು ಬೆರಗಾದೆ. ಅಬ್ಬಾ, ಎಂಥ ನೆಲ! ಬೂದಿ ಬಣ್ಣ, ಅಲ್ಲಲ್ಲಿ ನೀಲಿ. ಒಂದು ಕಲ್ಲಿನ ಉದ್ದ ಇನ್ನೊಂದಕ್ಕಿಲ್ಲ. ಪಕ್ಕದ ಕಲ್ಲಿನ ಅಂಚು ಹೇಗಿದೆಯೋ ಹಾಗೆ ಕಡಿದು ಕೂಡಿಸಿದ್ದರು. ನಡುವೆ ಉಗುರು ತೂರುವಷ್ಟೂ ಜಾಗವಿಲ್ಲ. ಅಂದರೆ ಒಂದು ಕಲ್ಲು ತನ್ನ ನೆರೆಯವನ ಜೊತೆ ಮಾತ್ರ ಸರಿಹೋಗುತ್ತದೆ, ಬೇರೆಯವನ ಜೊತೆ ಇಲ್ಲ. ಉಸ್ತಾದರು ಕೂತು ಅಂಚಿನ ಮೇಲೆ ಬೆರಳಾಡಿಸಿ "ಮಾಶಾಲ್ಲಾ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಬೇಟಿ, ಮಾತು ಕೊಡೋ ಮೊದಲ ನನ್ನ ಕೇಳಬೇಕಿತ್ತು" ಅಂದರು.

ನಾನು ನಕ್ಷೆ ಬರೆದೆ, ಒಂದೊಂದು ಕಲ್ಲಿನ ಆಕಾರವಲ್ಲ, ಸಾಲು ಮತ್ತು ನಂಬರು ಮಾತ್ರ. ಬಾಗಿಲಲ್ಲಿ ನಿಂತು ನೋಡಿದರೆ ಹಾಲಿನ ನಡುವೆ ಒಂದು ದಾರ ಹಿಡಿದು ನೆಲವನ್ನು ಎರಡು ಪಾಲು ಮಾಡಿದೆ. ಎಡಪಾಲು ಮೇಸ್ತ್ರಿ ಅಕ್ಕನ ಗುಂಪಿಗೆ, ಬಲಪಾಲು ಉಸ್ತಾದರಿಗೆ ಮತ್ತು ಅವರ ಇಬ್ಬರು ಅಳಿಯಂದಿರಿಗೆ. ಪ್ರತಿ ಪಾಲಿನಲ್ಲೂ ಒಂದು ಸಾಲಿಗೆ ಹದಿಮೂರೋ ಹದಿನಾಲ್ಕೋ ಕಲ್ಲು. ಒಂದು ಸಾಲಿನ ಕಲ್ಲುಗಳನ್ನು ಅಂಗಳದಲ್ಲಿ ಒಂದೇ ಕಡೆ ಒಟ್ಟುವುದು. ಪ್ರತಿ ಕಲ್ಲಿನ ಹಿಂಬದಿಗೆ ಬಣ್ಣದಲ್ಲಿ ಅದರ ನಂಬರು ಬರೆಯುವುದು. ಹೆಣ್ಣುಮಕ್ಕಳು ಕನ್ನಡದ ಅಂಕಿ ಬರೆದರು, ಉಸ್ತಾದರು ಉರ್ದು ಅಂಕಿ. ನನಗೆ ಉರ್ದು ಅಕ್ಷರ ಬಾರದಿದ್ದರೂ ಅಂಕಿ ಎರಡೂ ಓದಲಿಕ್ಕೆ ಬರುತ್ತದೆ, ಶಹಾಬಾದಿನಲ್ಲಿ ಹುಟ್ಟಿದ ಮೇಲೆ ಅಷ್ಟಾದರೂ ಬರಬೇಡವೇ. ಎಲ್ಲರನ್ನೂ ನಿಲ್ಲಿಸಿ ಜೋರಾಗಿ ಹೇಳಿದೆ: "ಪ್ರತಿ ಸಾಲಿಗೂ ಶುರುವಿನಿಂದ ನಂಬರ್ ಹಾಕ್ರಿ. ಶುರುವಿನ ಕಲ್ಲು ಒಂದು."

"ಶುರುವಿನಿಂದ" ಅಂತ ಎಲ್ಲರೂ ಗೋಣು ಹಾಕಿದರು.

ಎಡಪಾಲು ಏಳುವಾಗ ನಾನು ಅಲ್ಲೇ ಇದ್ದೆ. ಬಲಪಾಲು ಏಳುವ ವಾರ ಸುಣ್ಣ ಹುಡುಕಲಿಕ್ಕೆ ಹೋಗಿದ್ದೆ. ನಮ್ಮ ಭಾಗದ ಕಲ್ಲು ಸುಟ್ಟು ದೇಶಕ್ಕೆಲ್ಲ ಸಿಮೆಂಟು ಕಳಿಸುತ್ತಾರೆ, ಆದರೆ ಒಂದು ಗಾಡಿ ಒಳ್ಳೇ ಸುಟ್ಟ ಸುಣ್ಣಕ್ಕೆ ನಾನು ನಾಲ್ಕು ಊರು ತಿರುಗಿದೆ. ತಿರುಗಿ ಬರುವಷ್ಟರಲ್ಲಿ ಬಲಪಾಲಿನ ಕಲ್ಲುಗಳೆಲ್ಲ ಅಂಗಳದಲ್ಲಿ ಒಟ್ಟಿಲು ಒಟ್ಟಿಲಾಗಿ ಕೂತಿದ್ದವು. ಒಂದಕ್ಕೂ ಮುಕ್ಕಾಗಿರಲಿಲ್ಲ. "ಭೇಷ್ ಚಾಚಾ" ಅಂದೆ.

ಮಳೆಗಾಲ ಪೂರ್ತಿ ಬೇರಿನ ಜೊತೆ ಗುದ್ದಾಡಿದೆವು. ಸೊಂಟದುದ್ದ ಗುಂಡಿ ತೋಡಿ ಹೆಣ್ಣುಮಕ್ಕಳು ಬೇರು ಕಡಿದು ಹೊರಗೆಳೆದರು. ಆಮೇಲೆ ಜಲ್ಲಿ ಹಾಸಿ, ಸುಣ್ಣಕ್ಕೆ ಮರಳು, ಇಟ್ಟಿಗೆ ಪುಡಿ, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಗಚ್ಚು ಅರೆದು ತಳ ಹಾಕಿದೆವು. ಗಚ್ಚಿಗೆ ಅವಸರ ಅಂದರೆ ಆಗುವುದಿಲ್ಲ. ಒಣಗುವಾಗ ಒಣಗುತ್ತದೆ. ದಸರೆ ಮುಗಿದ ಮೇಲೆ ಕಲ್ಲು ಕೂಡಿಸಲು ಕೈ ಹಾಕಿದೆವು.

ಎಡಪಾಲು ಹಾಲಿಗೆ ಸಕ್ಕರೆ ಬೆರೆತ ಹಾಗೆ ಕೂತಿತು. ಮೇಸ್ತ್ರಿ ಅಕ್ಕ ನಂಬರು ಕೂಗುವುದು, ಇಬ್ಬರು ಕಲ್ಲು ತರುವುದು, ಉಸ್ತಾದರು ಮರದ ಸುತ್ತಿಗೆಯಿಂದ ಎರಡು ಪೆಟ್ಟು ಕೊಡುವುದು, ಮುಗಿಯಿತು. ನಾನು ಹೊಟ್ಟೆ ತುಂಬ ಉಂಡವಳ ಹಾಗೆ ಓಡಾಡುತ್ತಿದ್ದೆ.

ಆಮೇಲೆ ಬಲಪಾಲಿನ ಮೊದಲ ಸಾಲು. ನಡುವಿನ ದಾರದಿಂದ ಒಂದು, ಎರಡು, ಮೂರು ಎಂದು ನಕ್ಷೆ ನೋಡಿ ಕೂಡಿಸುತ್ತ ಹೋದೆವು. ಸಾಲು ಗೋಡೆಗೆ ಸರಿಯಾಗಿ ಮುಟ್ಟಿತು, ಒಂದು ಬೆರಳು ಹೆಚ್ಚಿಲ್ಲ ಕಡಿಮೆಯಿಲ್ಲ. ಆದರೆ ಕಲ್ಲು ಕಲ್ಲಿನ ನಡುವೆ ಬಾಯಿ ಬಿಟ್ಟಿತ್ತು. ಇಲ್ಲಿ ಕಿರುಬೆರಳು ಹೋಗುವಷ್ಟು, ಅಲ್ಲಿ ಒಂದರ ಮೂಲೆ ಇನ್ನೊಂದರ ಮೇಲೆ ಏರುವಷ್ಟು. ಎರಡನೇ ಸಾಲೂ ಹಾಗೇ, ಮೂರನೆಯದೂ ಹಾಗೇ. ಅರ್ಜಿ ಕೊಡುವ ಕಿಟಕಿಯ ಮುಂದೆ ಜನ ನಿಂತು ನಿಂತು ಸವೆದು ಬಟ್ಟಲಾಗಿದ್ದ ಕಲ್ಲುಗಳಿದ್ದವು. ಅವು ಈಗ ಕಿಟಕಿ ಬಿಟ್ಟು ಹಾಲಿನ ನಡುವೆ ಬಂದು ಕೂತಿದ್ದವು. ಅಲ್ಲಿ ಯಾರು ಯಾಕೆ ನಿಂತು ಸವೆಸಿಯಾರು!

ಎಬ್ಬಿಸುವ ಮುಂಚೆ ತೆಗೆದ ಫೋಟೋ ಮೊಬೈಲಿನಲ್ಲಿದ್ದವು. ತೊಳೆದ ಸಂಭ್ರಮದಲ್ಲಿ ಬಾಗಿಲಿನ ಕಡೆಯಿಂದ ತೆಗೆದವು. ನೀರಿನ ಮೇಲೆ ಬೆಳಕು ಬಿದ್ದು ಬಲಪಾಲು ಪೂರ್ತಿ ಬೆಳ್ಳಗೆ. ನೋಡಿದರೂ ಒಂದೇ, ಬಿಟ್ಟರೂ ಒಂದೇ.

ನಾನು ಉಸ್ತಾದರ ಮುಂದೆ ಹೋಗಿ ನಿಂತೆ. ಹೆಣ್ಣುಮಕ್ಕಳು, ಅಳಿಯಂದಿರು, ಗೋಡೆಗೆ ಸುಣ್ಣ ಬಳಿಯುವವರು ಎಲ್ಲರೂ ನೋಡುತ್ತಿದ್ದರು.

"ಚಾಚಾ, ನಂಬರ್ ಹ್ಯಾಂಗ ಹಾಕಿದ್ರಿ?"

"ನೀವ್ ಹೇಳ್ದಂಗ."

"ನಾ ಹೇಳ್ದಂಗ ಹಾಕಿದ್ರ ಕೂಡಬೇಕಿತ್ತಲ್ಲ?"

"ಕಲ್ಲು ಸುಳ್ಳ ಹೇಳಂಗಿಲ್ಲ ಮೇಡಂ. ನಿಮ್ಮ ಕಾಗದ ಸುಳ್ಳ ಹೇಳ್ಲಿಕತ್ತದ."

ಮೇಡಂ ಅಂದರಲ್ಲ, ಅಲ್ಲಿಗೇ ನಿಲ್ಲಬೇಕಿತ್ತು ನಾನು. ನಿಲ್ಲಲಿಲ್ಲ. "ಎಣಿಸ್ಲಿಕ್ಕ ಬರಂಗಿಲ್ಲ ಅಂದ್ರ ಮೊದಲ ಹೇಳಬೇಕಿತ್ತು ಚಾಚಾ. ಹದಿನಾಲ್ಕರ ತನಕ ಎಣಿಸ್ಲಿಕ್ಕ ದೊಡ್ಡ ಸಾಲಿ ಕಲೀಬೇಕಾಗಿಲ್ಲ."

ಉಸ್ತಾದರು ಕೈಯಲ್ಲಿದ್ದ ದಾರವನ್ನು ನಿಧಾನಕ್ಕೆ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಮರದ ಸುತ್ತಿಗೆ ಒರೆಸಿ ಚೀಲಕ್ಕೆ ಹಾಕಿಕೊಂಡರು. ಬಾಗಿಲ ಹತ್ತಿರ ಹೋಗಿ ತಿರುಗಿ, "ಕುಣೀಲಾರದಾಕಿ ನೆಲ ಡೊಂಕು ಅಂದಳಂತ" ಅಂದು ಹೊರಟುಹೋದರು. ಅಳಿಯಂದಿರೂ ಹಿಂದೆಯೇ ಹೋದರು. ಅವರು ಹತ್ತಿದ ಟಂಟಂ ಆಟೋದ ಸದ್ದು ರಸ್ತೆಯ ತಿರುವಿನವರೆಗೂ ಕೇಳಿಸುತ್ತಿತ್ತು.

ಮೇಸ್ತ್ರಿ ಅಕ್ಕ ನನ್ನ ಹತ್ತಿರ ಬಂದು, "ಅಕ್ಕಾರ, ಮುದುಕಗ ಅಷ್ಟಂದಿದ್ದು ಛಲೋ ಆಗ್ಲಿಲ್ಲ ನೋಡ್ರಿ" ಅಂದಳು. ಅವಳಿಗೂ ಬೈದೆ. ಅವಳು ತೆಲುಗಿನಲ್ಲಿ ಏನೋ ಅಂದಳು. ಅರ್ಥವಾಗದಿದ್ದದ್ದು ಒಳ್ಳೆಯದೇ ಆಯಿತು.

ಮೂರು ದಿನ ನಾನೇ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಗುದ್ದಾಡಿದೆ. ಈ ಕಲ್ಲು ಅಲ್ಲಿಗೆ, ಆ ಕಲ್ಲು ಇಲ್ಲಿಗೆ. ಒಂದೂ ಕೂಡಲಿಲ್ಲ. ನಾಲ್ಕನೇ ದಿನ ಸಾಹೇಬರ ಕಡೆಯಿಂದ ಒಂದು ಡಬ್ಬಿ ಬಂತು. ಒಳಗೆ ಟೈಲ್ಸಿನ ನಮೂನೆಗಳು, ಮೂರು ಬಣ್ಣ. "ಒಂದು ಆರಿಸಿ ಇಟ್ಟಿರ್ರಿ" ಅಂತ ಫೋನು. ಅವುಗಳಲ್ಲಿ ಒಂದು ನಮ್ಮ ಫರ್ಸಿಯದೇ ಬಣ್ಣ, ಅದೇ ನೀಲಿ ಛಾಯೆ, ಕಾರ್ಖಾನೆಯಲ್ಲಿ ಮಾಡಿದ್ದು. ಅದನ್ನು ಕೈಯಲ್ಲಿ ಹಿಡಿದು ಅಂಗಳದ ಕಲ್ಲುಗಳ ಮುಂದೆ ಕೂತು ಅತ್ತೆ. ಸುಳ್ಳು ಯಾಕೆ ಹೇಳಲಿ, ಹೋ ಅಂತ ಅತ್ತೆ. ನಮ್ಮ ಕಲ್ಲಿನ ಮೇಲೆ ನಮ್ಮ ಕಲ್ಲಿನ ನಕಲಿ ಹಾಸುವ ದಿನ ನನ್ನ ಕೈಯಿಂದಲೇ ಬರುತ್ತದಲ್ಲಾ ಎಂದು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಬರುವುದಿಲ್ಲ, ಗೊತ್ತು. ಆದರೂ ಮರುದಿನ ಬೆಳಿಗ್ಗೆ ವಾಡಿಯಿಂದ ಪ್ಯಾಸೆಂಜರ್ ಹತ್ತಿ ಶಹಾಬಾದಿನಲ್ಲಿ ಇಳಿದು ಉಸ್ತಾದರ ಮನೆ ಹುಡುಕಿಕೊಂಡು ಹೋದೆ. ಅವರು ಮಂಚದ ಮೇಲೆ ಕೂತು ಚಾಣಕ್ಕೆ ಸಾಣೆ ಹಿಡಿಯುತ್ತಿದ್ದರು. ನನ್ನನ್ನು ನೋಡಿಯೂ ನೋಡದವರ ಹಾಗೆ ಸಾಣೆ ಮುಂದುವರಿಸಿದರು. ಅವರ ಹೆಂಡತಿ ಹೊರಗೆ ಬಂದು, "ಬರ್ರಿ ಬರ್ರಿ, ಕುಂದ್ರಿ. ಇಂವ ನಾಕ್ ದಿನದಿಂದ ಮಾತಾಡವಲ್ಲ, ಚಾಣ ಪೂರಾ ಸವದು ಹೋಗ್ಲಿಕತ್ತದ" ಅಂದು ಚಹಾ ತಂದುಕೊಟ್ಟರು.

"ಚಾಚಾ, ನಂದು ತಪ್ಪಾತು. ನಾಕ್ ಮಂದ್ಯಾಗ ಹಾಂಗ ಅನಬಾರದಿತ್ತು."

ಸಾಣೆಯ ಸದ್ದು ನಿಲ್ಲಲಿಲ್ಲ.

ಚಾಚಿ ಮೊಮ್ಮಗಳ ಲಗ್ನಪತ್ರಿಕೆ ತಂದು ನನ್ನ ಕೈಗಿಟ್ಟರು. "ನೀವ್ ಬರಲೇಬೇಕು ನೋಡ್ರಿ." ಚೆಂದದ ಪತ್ರಿಕೆ, ಹಸಿರು ಬಣ್ಣದ್ದು, ಒಳಗೆ ಒಂದಷ್ಟು ಕನ್ನಡ, ಒಂದಷ್ಟು ಉರ್ದು. ನಾನು ಎಂದಿನ ಹಾಗೆ ಎಡಗೈಯಲ್ಲಿ ಹಿಡಿದು ಬಲಗೈಯಿಂದ ತೆರೆದೆ. ಮೊದಲ ಪುಟದಲ್ಲೇ ಊಟದ ಸಮಯ, ಮಂಟಪದ ದಾರಿ, ನಮಸ್ಕಾರ ಅಂತ ಇತ್ತು. ಇದೇನಿದು, ಮದುವೆಗೆ ಮುಂಚೆ ಊಟ?

ಉಸ್ತಾದರಿಗೆ ತಡೆಯಲಾಗಲಿಲ್ಲ. ಚಾಣ ಕೆಳಗಿಟ್ಟು, ನನ್ನ ಕೈಯಿಂದ ಪತ್ರಿಕೆ ತೆಗೆದುಕೊಂಡು, ತಿರುಗಿಸಿ, ಮಡಿಕೆ ಬಲಗಡೆ ಬರುವ ಹಾಗೆ ಹಿಡಿದು ತೆರೆದು ಕೊಟ್ಟರು. "ಅದು ಆಖೈರು. ಶುರು ಇಲ್ಲಿಂದ ಅದ."

ನಾನು ಪತ್ರಿಕೆ ನೋಡಿದೆ. ಅವರ ಮುಖ ನೋಡಿದೆ.

"ಚಾಚಾ... ಕಲ್ಲಿಗಿ ಒಂದು ಅಂತ ಎಲ್ಲಿಂದ ಹಾಕಿದ್ರಿ?"

"ಎಲ್ಲಿಂದ ಅಂದ್ರ? ಶುರುವಿನಿಂದ. ನೀವೇ ಹೇಳಿದ್ರಲ್ಲ."

"ಶುರು ಯಾವ ಕಡಿ?"

ಅವರು ಬಲಗೈ ಎತ್ತಿದರು. ಅದೇ ಹೊತ್ತಿಗೆ ನನ್ನ ಎಡಗೈ ಎದ್ದಿತ್ತು. ಇಬ್ಬರೂ ಒಬ್ಬರ ಕೈ ಒಬ್ಬರು ನೋಡುತ್ತ ಕೂತೆವು.

ನಾನು ಕನ್ನಡ ಓದಿದವಳು, ನನ್ನ ಸಾಲು ಎಡದಿಂದ ಶುರು. ಅವರು ಉರ್ದು ಓದಿದವರು, ಅವರ ಸಾಲು ಬಲದಿಂದ ಶುರು. ನನ್ನ ನಕ್ಷೆಯಲ್ಲಿ ಒಂದನೇ ಕಲ್ಲು ನಡುವಿನ ದಾರದ ಹತ್ತಿರ, ಅವರ ಒಂದನೇ ಕಲ್ಲು ಬಲಗೋಡೆಯ ಹತ್ತಿರ. ಪ್ರತಿ ಸಾಲನ್ನೂ ನಾವು ಹಿಂದುಮುಂದಾಗಿ ಹಾಸಿದ್ದೆವು. ಒಟ್ಟು ಉದ್ದ ಅಷ್ಟೇ ಆಗುತ್ತದಲ್ಲ, ಅದಕ್ಕೇ ಗೋಡೆಗೆ ಸರಿಯಾಗಿ ಮುಟ್ಟುತ್ತಿತ್ತು. ಅವರು ಎಣಿಸಿದ್ದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಶುರು ಯಾವ ಕಡೆ ಎಂದು ಹೇಳದ ತಪ್ಪು ನನ್ನದು. ಹೇಳಬೇಕು ಅನ್ನಿಸಿಯೇ ಇರಲಿಲ್ಲ, ಶುರುವಿಗೆ ಇನ್ನೊಂದು ಕಡೆ ಇದೆ ಎಂದು ಗೊತ್ತಿದ್ದರಲ್ಲವೇ!

ಉಸ್ತಾದರು ಮೊದಲು ನಕ್ಕರು. ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ಆಮೇಲೆ ಚಾಚಿ, ಆಮೇಲೆ ನಾನು. "ನಾವು ನೀವು ಐವತ್ತು ವರ್ಸ ಕೂಡಿ ಬಾಳೇವಿ ಬೇಟಿ" ಅಂದರು ಕಣ್ಣೊರೆಸಿಕೊಳ್ಳುತ್ತ, "ಶುರು ಯಾವ ಕಡಿ ಅಂತ ಯಾರೂ ಯಾರನ್ನೂ ಕೇಳಿಲ್ಲ ನೋಡು." ಬೇಟಿ ಅಂದರು. ನನಗೆ ಅಷ್ಟು ಸಾಕಾಗಿತ್ತು.

ಮರುದಿನ ಎಲ್ಲರ ಮುಂದೆ, ಅದೇ ಹಾಲಿನಲ್ಲಿ, ಅದೇ ಜಾಗದಲ್ಲಿ ನಿಂತು ತಪ್ಪು ನನ್ನದೆಂದು ಹೇಳಿದೆ. ನಾಲ್ಕು ಮಂದಿಯಲ್ಲಿ ಅಂದ ಮಾತನ್ನು ನಾಲ್ಕು ಮಂದಿಯಲ್ಲೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಮೇಸ್ತ್ರಿ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಸಾಲುಗಳನ್ನು ಬಲಗೋಡೆಯಿಂದ ಶುರು ಮಾಡಿದೆವು. ಒಂದು, ಎರಡು, ಮೂರು, ಆರರವರೆಗೆ ಒಂದಕ್ಕೊಂದು ಅಪ್ಪಿಕೊಂಡು ಕೂತವು. ಏಳನೆಯದು ಕೂಡಲಿಲ್ಲ. ಉಸ್ತಾದರು ಕಲ್ಲು ಮಗುಚಿ ನಂಬರು ನೋಡಿದರು, ಕಲ್ಲನ್ನು ಅರ್ಧಸುತ್ತು ತಿರುಗಿಸಿ ನೋಡಿದರು, ಆಮೇಲೆ ತಲೆಗೆ ಕೈ ಹಚ್ಚಿದರು. ಉರ್ದುವಿನ ಏಳು ಆಕಾಶಕ್ಕೆ ಬಾಯಿ ತೆರೆದ ಮೂಲೆಯ ಹಾಗಿರುತ್ತದೆ, ಎಂಟು ಅದನ್ನೇ ಬೋರಲು ಹಾಕಿದ ಹಾಗೆ. ಹಾಸುಗಲ್ಲಿಗೆ ಮೇಲು ಯಾವುದು, ಕೆಳಗು ಯಾವುದು? ತಿರುಗಿಸಿ ಹಿಡಿದರೆ ಏಳು ಎಂಟಾಗುತ್ತದೆ, ಎಂಟು ಏಳಾಗುತ್ತದೆ. ಅಂಕಿಯ ಕೆಳಗೊಂದು ಗೆರೆ ಎಳೆದಿದ್ದರೆ ಮುಗಿದುಹೋಗುತ್ತಿತ್ತು.

"ಇದು ನನ್ನ ತಪ್ಪು ಬೇಟಿ" ಅಂದರು ಉಸ್ತಾದರು. "ಗೆರಿ ಎಳೀಬೇಕಿತ್ತು. ಏಳು ಬೋರಲ ಬಿದ್ರ ಎಂಟಾಗ್ತದ ಅನ್ನೋದು ಈ ವಯಸ್ಸಿನಾಗ ಕಲತೆ."

ಅವರು ಆ ತಪ್ಪನ್ನು ಅಷ್ಟು ಸಂತೋಷದಿಂದ ಒಪ್ಪಿಕೊಂಡದ್ದು ನೋಡಿ ನನಗೆ ಅನುಮಾನ ಬಂತು, ನನ್ನನ್ನು ಸಮಾಧಾನ ಮಾಡಲಿಕ್ಕೇ ಬೇಕೆಂದು ಒಂದು ತಪ್ಪು ಮಾಡಿಟ್ಟಿದ್ದರೇನೋ ಎಂದು. ಇರಲಿ. ಅಲ್ಲಿಂದ ಮುಂದೆ ಪ್ರತಿ ಸಾಲಿನಲ್ಲೂ ಏಳು ಎಂಟು ಬಂದಾಗ ಹೆಣ್ಣುಮಕ್ಕಳು ಎರಡೂ ಕಲ್ಲನ್ನು ಒಟ್ಟಿಗೆ ತಂದು, "ಉಸ್ತಾದ್, ಗಂಡ್ಯಾವುದು ಹೆಣ್ಣ್ಯಾವುದು ನೋಡ್ಕೋರ್ರಿ" ಅನ್ನುತ್ತಿದ್ದರು.

ಕಿಟಕಿಯ ಮುಂದಿನ ಸವೆದ ಕಲ್ಲುಗಳು ಕಿಟಕಿಯ ಮುಂದೆಯೇ ಬಂದು ಕೂತ ದಿನ ಎಲ್ಲರೂ ಕೆಲಸ ನಿಲ್ಲಿಸಿದರು. ಮೇಸ್ತ್ರಿ ಅಕ್ಕ ಚಪ್ಪಲಿ ಬಿಟ್ಟು, ಎರಡೂ ಪಾದಗಳನ್ನು ಆ ತಗ್ಗಿನಲ್ಲಿಟ್ಟು ನಿಂತು, ಸರಳು ಹಿಡಿದು ಒಳಗೆ ಇಣುಕಿದಳು. "ನಮ್ಮಂಥವರ ಕಾಲೇ ಇವು" ಅಂದಳು. ಹೌದಲ್ಲವೇ. ಅರ್ಜಿ ಹಿಡಿದು ನಿಂತವರೆಲ್ಲ ನಮ್ಮಂಥವರೇ. ಅವರ ಕಾಲಿನ ಗುರುತು ಈಗ ಅದರ ಜಾಗದಲ್ಲಿತ್ತು.

ಎಳ್ಳಮಾಸಿಗೆ ಇನ್ನು ಎರಡು ದಿನ ಇರುವಾಗ ಕೊನೆಯ ಕಲ್ಲು ಕೂತ ಮೇಲೆ ನೆಲ ತೊಳೆದು, ಎಣ್ಣೆ ಬಟ್ಟೆಯಿಂದ ಒರೆಸಿದೆವು. ಮರುದಿನ ಸಾಹೇಬರು ಬಂದರು. ಮೊದಲ ದಿನ ಮಾತು ಕೊಟ್ಟ ಮೇಲೆ ಅವರು ಒಳಗೆ ಕಾಲಿಟ್ಟದ್ದು ಅಂದೇ. ಹೆಣ್ಣುಮಕ್ಕಳು ಹಿಂದಿನ ಅಂಗಳದಲ್ಲಿ ಪಾತ್ರೆ, ಬುಟ್ಟಿ ತೊಳೆಯುತ್ತಿದ್ದರು. ಹಾಲಿನಲ್ಲಿ ನಾನು, ಉಸ್ತಾದರು ಇಬ್ಬರೇ.

ಸಾಹೇಬರು ಒಂದು ಸುತ್ತು ಹಾಕಿದರು. ಕಮಾನು ನೋಡಿದರು, ಗೋಡೆ ನೋಡಿದರು, ಚಲೋ ಆಗ್ಯಾದ ಅಂದರು. ನೆಲ ನೋಡಿದರು. ಮುಖ ಗಂಟಿಕ್ಕಿತು.

"ಏನ್ರೀ ಮೇಡಂ ಇದು? ಎಬ್ಬಿಸ್ತೀನಿ, ಬೇರು ತೆಗೀತೀನಿ, ಹೊಳ್ಳಿ ಕೂಡಸ್ತೀನಿ ಅಂದ್ರಿ. ನೀರು ಹಾಕಿ ತೊಳದು ಬಿಟ್ಟೀರಿ ಅಷ್ಟೆ. ನೆಲಕ್ಕ ಯಾರೂ ಕೈನೇ ಹಚ್ಚಿಲ್ಲ! ಆಗಲಾರದಿದ್ರ ಆಗ್ಲಿಲ್ಲ ಅನ್ರಿ, ಲಾರಿ ಕಳಸ್ತೀನಿ."

ಉಸ್ತಾದರ ಕಡೆ ನೋಡಿದೆ. ಅವರ ಕಣ್ಣು ತುಂಬಿತ್ತು, ಗಡ್ಡದೊಳಗೆ ನಗು ಇತ್ತು. ನಾನು ಮೊಬೈಲು ತೆಗೆದು ಮಳೆಗಾಲದ ಫೋಟೋ ಸಾಹೇಬರ ಮುಂದೆ ಹಿಡಿದೆ. ಇದೇ ಹಾಲು, ಒಂದು ಕಲ್ಲೂ ಇಲ್ಲ, ನಡುವೆ ಗುಂಡಿ, ಗುಂಡಿಯಲ್ಲಿ ಸೊಂಟದವರೆಗೆ ನಿಂತ ಹೆಣ್ಣುಮಕ್ಕಳು, ಅವರ ಕೈಯಲ್ಲಿ ತೋಳಿನಷ್ಟು ದಪ್ಪದ ಅರಳಿ ಬೇರು.

ಸಾಹೇಬರು ಫೋಟೋ ನೋಡಿದರು, ನೆಲ ನೋಡಿದರು, ಮತ್ತೆ ಫೋಟೋ ನೋಡಿದರು. ಆಮೇಲೆ ಇಸ್ತ್ರಿ ಪ್ಯಾಂಟಿನಲ್ಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಎರಡು ಕಲ್ಲಿನ ನಡುವೆ ಹೆಬ್ಬೆರಳಿನ ಉಗುರು ಒತ್ತಿದರು. ಹೋಗಲಿಲ್ಲ. ಇನ್ನೊಂದು ಕಡೆ ಒತ್ತಿದರು. ಅಲ್ಲೂ ಹೋಗಲಿಲ್ಲ.

"ಲಾರಿ ಬ್ಯಾಡ" ಅಂದರು ಕೊನೆಗೆ.

ಉಸ್ತಾದರು ಮುಂದೆ ಬಂದರು. "ಸಾಹೇಬ್ರ, ಒಂದು ಅರ್ಜಿ ಅದ. ಮೊದಲ ಒಂದು ಮಾತು ಅಂದ್ರಲ್ಲ, ಅದನ್ನ ಇನ್ನೊಮ್ಮಿ ಅನ್ರಿ. ನಮ್ಮ ಹೆಣ್ಮಕ್ಕಳು ಹಿಂದ ಇದ್ರು, ಕೇಳಿಲ್ಲ."

ಸಾಹೇಬರಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಎದ್ದು, ಹಿಂಬಾಗಿಲಿಗೆ ಹೋಗಿ, ಎರಡೂ ಕೈ ಬಾಯಿಗೆ ಹಿಡಿದು, ಅಂಗಳಕ್ಕೆಲ್ಲ ಕೇಳುವ ಹಾಗೆ ಕೂಗಿದರು: "ಈ ನೆಲಕ್ಕ ಯಾರೂ ಕೈನೇ ಹಚ್ಚಿಲ್ಲ!"

ಅಂಗಳದಲ್ಲಿ ಪಾತ್ರೆಗಳ ಸದ್ದು ನಿಂತಿತು. ಆಮೇಲೆ ನಗು ಎದ್ದಿತು, ಹನ್ನೆರಡೂ ಜನರದು. ಮೇಸ್ತ್ರಿ ಅಕ್ಕ ಬುಟ್ಟಿ ಕೆಳಗಿಟ್ಟು, "ಹೌದ್ರಿ ಸಾಹೇಬ್ರ, ನಾವು ಮುಟ್ಟೇ ಇಲ್ಲ!" ಎಂದು ಸುಣ್ಣ ತಿಂದು ಬಿರಿದ ತನ್ನ ಎರಡೂ ಅಂಗೈಗಳನ್ನು ಎತ್ತಿ ತೋರಿಸಿದಳು.